ಆ್ಯಕ್ಸೆಸ್‌ನಿಂದ ಹೊರಗಿನ ಪ್ರೋಗ್ರಾಂ ಓಡಿಸಿ, ಅದು ಮುಗಿಯುವ ತನಕ ಕಾಯುವುದು ಹೇಗೆ

ಚಿಕ್ಕಪೇಟೆಯ ಒಂದು ಸೀರೆ ಅಂಗಡಿಗೆ ಸ್ಟಾಕ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಮೈಕ್ರೋಸಾಫ್ಟ್‌ನ ಡೇಟಾಬೇಸ್ ಪ್ರೋಗ್ರಾಂ ಆದ ಆ್ಯಕ್ಸೆಸ್‌ನಲ್ಲಿ. ಹೊಸ ಮಾಲು ಬಂದಾಗ ಎಂಟ್ರಿ ಮಾಡಿ 'ಲೇಬಲ್' ಬಟನ್ ಒತ್ತಿದರೆ ಒಂದು ಸಿಎಸ್‌ವಿ ಫೈಲ್ (ಮಾಹಿತಿಯ ನಡುವೆ ಕಾಮಾ ಹಾಕಿದ ಸಾದಾ ಪಠ್ಯ ಫೈಲ್) ಸಿದ್ಧವಾಗುತ್ತಿತ್ತು, ಬಾರ್‌ಕೋಡ್ ಪ್ರಿಂಟರ್ ಜೊತೆ ಬಂದಿದ್ದ ಲೇಬಲ್ ಪ್ರೋಗ್ರಾಂ ಶುರುವಾಗಿ ಆ ಫೈಲ್ ಓದಿ ಪ್ರಿಂಟ್ ಮಾಡುತ್ತಿತ್ತು, ಅಷ್ಟರಲ್ಲಿ ನನ್ನ ಕೋಡ್ ಟೇಬಲ್‌ನಲ್ಲಿ ಪ್ರತಿ ಸೀರೆಗೂ 'ಲೇಬಲ್ ಆಗಿದೆ' ಅಂತ ಗುರುತು ಹಾಕಿ ಕೊನೆಗೆ ಸಿಎಸ್‌ವಿ ಅಳಿಸುತ್ತಿತ್ತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಓಡಿತು. ಅಂಗಡಿಯ ಕೌಂಟರ್‌ನಲ್ಲೂ ಓಡಿತು.

ದೀಪಾವಳಿಗೆ ಹತ್ತು ದಿನ ಇರುವಾಗ ಮಾಲೀಕರ ಫೋನ್ ಬಂತು. "ಏನಪ್ಪಾ, ಗೋಡೌನ್‌ನಲ್ಲಿ ಮುನ್ನೂರು ಸೀರೆಗೆ ಲೇಬಲ್ ಆಗಿದೆ ಅಂತ ತೋರಿಸ್ತಿದೆ, ಕೈಗೆ ಒಂದೂ ಬಂದಿಲ್ಲ. ಪ್ರಿಂಟರ್ ಕೆಟ್ಟೋಯ್ತಾ?"

ಪ್ರಿಂಟರ್ ಚೆನ್ನಾಗಿಯೇ ಇತ್ತು. ಗೋಡೌನ್‌ನ ಹಳೆಯ ಕಂಪ್ಯೂಟರ್‌ನಲ್ಲಿ ಲೇಬಲ್ ಪ್ರೋಗ್ರಾಂ ತೆರೆದುಕೊಳ್ಳಲು ಐದಾರು ಸೆಕೆಂಡ್ ಬೇಕಿತ್ತು. ಟೇಬಲ್ ಅಪ್‌ಡೇಟ್ ಆಗಲು ಬೇಕಾಗಿದ್ದು ಎರಡೇ ಸೆಕೆಂಡ್. ಲೇಬಲ್ ಪ್ರೋಗ್ರಾಂ ಕಣ್ಣು ಬಿಡುವ ಹೊತ್ತಿಗೆ ನನ್ನ ಕೋಡ್ ಫೈಲ್ ಅಳಿಸಿ ಮುಂದೆ ಹೋಗಿತ್ತು. ವೇಗದ ಕಂಪ್ಯೂಟರ್‌ಗಳಲ್ಲಿ ಆ ಎರಡು ಸೆಕೆಂಡಿನಲ್ಲೇ ಫೈಲ್ ಓದಿ ಆಗಿರುತ್ತಿತ್ತು, ಹಾಗಾಗಿ ತಪ್ಪು ಕಾಣಿಸಿರಲಿಲ್ಲ.

ಇಂಥ ಕೆಲಸವನ್ನು ಸರಿಯಾಗಿ ಮಾಡುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಕೋಡ್‌ನ ಹೆಸರುಗಳನ್ನು ಓದಲು ಸಲೀಸಾಗಲಿ ಅಂತ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಎಡಿಟರ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬೇಕು.

ಶೆಲ್ ಕಾಯುವುದಿಲ್ಲ

ಆ್ಯಕ್ಸೆಸ್ ಒಳಗೆ ಕೋಡ್ ಬರೆಯುವ ಭಾಷೆಯಾದ ವಿಬಿಎಯಲ್ಲಿ ಹೊರಗಿನ ಪ್ರೋಗ್ರಾಂ ಓಡಿಸಲು ಎಲ್ಲರೂ ಮೊದಲು ಹಿಡಿಯುವುದು ಶೆಲ್ ಫಂಕ್ಷನ್. ಅದಕ್ಕೆ ಎರಡು ವಿಷಯ ಕೊಡುತ್ತೇವೆ: ಪ್ರೋಗ್ರಾಂ ಎಲ್ಲಿದೆ, ಅದರ ವಿಂಡೋ ಹೇಗೆ ತೆರೆಯಬೇಕು. ವಿಂಡೋ ಸಂಖ್ಯೆ 0 ಅಂದರೆ ಮರೆಯಲ್ಲಿ, 1 ಅಂದರೆ ಮಾಮೂಲಿ, 3 ಅಂದರೆ ಪೂರ್ತಿ ಪರದೆ. ಏನೂ ಕೊಡದಿದ್ದರೆ 2, ಅಂದರೆ ಕೆಳಗೆ ಟಾಸ್ಕ್‌ಬಾರ್‌ನಲ್ಲಿ ಮಿನಿಮೈಸ್ ಆಗಿ ತೆರೆಯುತ್ತದೆ. 'ಶೆಲ್ ಏನೂ ಮಾಡ್ತಿಲ್ಲ' ಅಂತ ತುಂಬ ಜನ ತಲೆ ಕೆಡಿಸಿಕೊಳ್ಳುವುದು ಇದರಿಂದಲೇ, ಪ್ರೋಗ್ರಾಂ ಕೆಳಗೆ ಕೂತಿರುತ್ತದೆ, ಕಣ್ಣಿಗೆ ಬಿದ್ದಿರುವುದಿಲ್ಲ.

ಶೆಲ್ ವಿಂಡೋಸ್‌ಗೆ 'ಇದನ್ನು ಶುರು ಮಾಡು' ಅನ್ನುತ್ತದೆ, ಆ ಪ್ರೋಸೆಸ್‌ನ (ಓಡುತ್ತಿರುವ ಪ್ರೋಗ್ರಾಂನ) ಐಡಿ ಸಂಖ್ಯೆ ಇಸಿದುಕೊಳ್ಳುತ್ತದೆ, ತಕ್ಷಣ ವಾಪಸ್ ಬರುತ್ತದೆ. ಅದರ ಕೆಲಸ ಅಲ್ಲಿಗೆ ಮುಗಿಯಿತು. ಮುಂದಿನ ಸಾಲು ಓಡುವಾಗ ಆ ಪ್ರೋಗ್ರಾಂ ಇನ್ನೂ ಪರದೆಯ ಮೇಲೆ ಬಂದಿರುವುದೂ ಇಲ್ಲ.

ಹಳೆಯ ಡೇಟಾಬೇಸ್ ಪ್ರೋಗ್ರಾಂ ಫಾಕ್ಸ್‌ಪ್ರೊದ ಕಾಲದಿಂದ ಅಂಗಡಿಗಳಿಗೆ ಪ್ರೋಗ್ರಾಂ ಬರೆದುಕೊಂಡು ಬಂದವರು ಇಲ್ಲಿ ಎಡವುವುದು ಜಾಸ್ತಿ. ಫಾಕ್ಸ್‌ಪ್ರೊದ ರನ್ ಕಮಾಂಡ್ ತಾನಾಗಿಯೇ ಕಾಯುತ್ತಿತ್ತು. ಕಾಯಬೇಡ ಅನ್ನಬೇಕಾದರೆ ಸ್ಲ್ಯಾಶ್ ಎನ್ ಸೇರಿಸಬೇಕಿತ್ತು. ಆ್ಯಕ್ಸೆಸ್‌ನಲ್ಲಿ ಅದು ಉಲ್ಟಾ. ಅವೆನ್ಯೂ ರಸ್ತೆ ಕಡೆಯ ಹಳೆಯ ಪ್ರೋಗ್ರಾಂಗಳನ್ನು ಆ್ಯಕ್ಸೆಸ್‌ಗೆ ತಂದವರು ಇದನ್ನು ಒಮ್ಮೆ ಹುಡುಕಿ ನೋಡಿ.

ಇದಕ್ಕೆ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ 'ಐದು ಸೆಕೆಂಡ್ ಸುಮ್ನೆ ನಿಲ್ಲಿಸಿಬಿಡೋಣ'. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಕಂಪ್ಯೂಟರ್‌ನಲ್ಲಿ ಐದು ಸೆಕೆಂಡ್ ಸಾಕಾಗುತ್ತದೆ, ಅವರ ಕಂಪ್ಯೂಟರ್‌ನಲ್ಲಿ ಆ್ಯಂಟಿವೈರಸ್ ಸ್ಕ್ಯಾನ್ ನಡೆಯುವ ದಿನ ಇಪ್ಪತ್ತು ಸೆಕೆಂಡ್ ಬೇಕಾಗುತ್ತದೆ. ಬೇಗ ಮುಗಿದ ದಿನವೂ ಜನ ಐದು ಸೆಕೆಂಡ್ ಕಾಯಬೇಕು. ಎರಡು ಕಡೆಯೂ ನಷ್ಟ.

ಸುಲಭದ ದಾರಿ: ರನ್

ಡಬ್ಲ್ಯೂಸ್ಕ್ರಿಪ್ಟ್ ಶೆಲ್ ಅನ್ನುವ ಆಬ್ಜೆಕ್ಟ್ ಪ್ರತಿ ವಿಂಡೋಸ್‌ನಲ್ಲೂ ಇರುತ್ತದೆ. ಅದರ ರನ್ ಮೆಥಡ್‌ಗೆ ಮೂರನೆಯ ಜಾಗದಲ್ಲಿ ಟ್ರೂ ಕೊಟ್ಟರೆ ಪ್ರೋಗ್ರಾಂ ಮುಗಿಯುವ ತನಕ ಕಾಯುತ್ತದೆ. ಎರಡೇ ಸಾಲು:

ಸೆಟ್ ಶ = ಕ್ರಿಯೇಟ್‌ಆಬ್ಜೆಕ್ಟ್("ಡಬ್ಲ್ಯೂಸ್ಕ್ರಿಪ್ಟ್.ಶೆಲ್")
ಫಲಿತ = ಶ.ರನ್(ಕಮಾಂಡ್, 1, ಟ್ರೂ)

ರೆಫರೆನ್ಸ್ ಏನೂ ಸೇರಿಸಬೇಕಿಲ್ಲ. ಫಲಿತ ಅನ್ನುವ ವೇರಿಯೆಬಲ್‌ಗೆ ಆ ಪ್ರೋಗ್ರಾಂನ ಎಕ್ಸಿಟ್ ಕೋಡ್, ಅಂದರೆ ಅದು ಹೇಗೆ ಮುಗಿಯಿತು ಅಂತ ಹೇಳುವ ಸಂಖ್ಯೆ, ಬರುತ್ತದೆ. ಫಾಲ್ಸ್ ಕೊಟ್ಟರೆ ಕಾಯದೆ ಯಾವಾಗಲೂ 0 ವಾಪಸ್ ಬರುತ್ತದೆ, ಅದನ್ನು 'ಸರಿಯಾಗಿ ಮುಗಿಯಿತು' ಅಂತ ಓದಿಕೊಳ್ಳಬೇಡಿ.

ಸಣ್ಣ ಕೆಲಸಕ್ಕೆ ಇದು ಸಾಕು. ಫೈಲ್ ಜಿಪ್ ಮಾಡುವುದು, ಕಮಾಂಡ್‌ಗಳ ಪಟ್ಟಿ ಇರುವ ಒಂದು ಬ್ಯಾಚ್ ಫೈಲ್ ಓಡಿಸುವುದು, ಮೂರು ನಾಲ್ಕು ಸೆಕೆಂಡಿನ ಕೆಲಸ, ಎಲ್ಲಕ್ಕೂ ನಾನು ಇದನ್ನೇ ಬಳಸುತ್ತೇನೆ. ಆದರೆ ಇದರಲ್ಲಿ ಎರಡು ತೊಂದರೆ ಇದೆ. ಕಾಯುವಷ್ಟು ಹೊತ್ತು ಆ್ಯಕ್ಸೆಸ್ ಪೂರ್ತಿ ಗಪ್‌ಚುಪ್. ಪರದೆ ಬಿಳಿಚಿಕೊಳ್ಳುತ್ತದೆ, ಮೇಲೆ 'ನಾಟ್ ರೆಸ್ಪಾಂಡಿಂಗ್' ಅಂತ ಬರುತ್ತದೆ, ಕೌಂಟರ್‌ನಲ್ಲಿ ಗಿರಾಕಿ ನಿಂತಿರುವಾಗ ಅದನ್ನು ನೋಡಿದ ಹುಡುಗ ಟಾಸ್ಕ್ ಮ್ಯಾನೇಜರ್ ತೆರೆದು ಆ್ಯಕ್ಸೆಸ್ ಅನ್ನೇ ಮುಚ್ಚಿಬಿಡುತ್ತಾನೆ. ಎರಡನೆಯದು, ಇಷ್ಟೇ ಹೊತ್ತು ಕಾಯಿ ಅಂತ ರನ್‌ಗೆ ಮಿತಿ ಹೇಳಲು ಆಗುವುದಿಲ್ಲ. ಹೊರಗಿನ ಪ್ರೋಗ್ರಾಂ ನಿಂತುಹೋದರೆ ನಿಮ್ಮದೂ ನಿಂತಿತು.

ಅದು ನಿಂತುಹೋಗುವುದು ಎಲ್ಲಿ ಅಂದರೆ, ಹೆಚ್ಚಾಗಿ ಒಂದು ಪ್ರಶ್ನೆಯ ಮುಂದೆ. ವಿಂಡೋ ಸಂಖ್ಯೆ 0 ಕೊಟ್ಟು ಮರೆಯಲ್ಲಿ ಓಡಿಸಿರುತ್ತೀರಿ. ಒಳಗೆ ಜಿಪ್ ಮಾಡುವ ಪ್ರೋಗ್ರಾಂ ಸೆವೆನ್‌ಜಿಪ್ 'ಈ ಹೆಸರಿನ ಫೈಲ್ ಇದೆ, ಅದರ ಮೇಲೆ ಬರೆಯಲಾ?' ಅಂತ ಕೇಳಿಕೊಂಡು ಕೂತಿರುತ್ತದೆ. ಉತ್ತರ ಕೊಡಲು ವಿಂಡೋ ಕಾಣುವುದಿಲ್ಲ. ಹಾಗಾಗಿ ನಾನು ಅನುಸರಿಸುವ ಕ್ರಮ: ಮೊದಲ ಕೆಲವು ದಿನ ವಿಂಡೋ ಕಾಣುವ ಹಾಗೆ ಓಡಿಸುವುದು, ಆಮೇಲೆ ಮರೆ ಮಾಡುವುದು. ಪ್ರಶ್ನೆ ಕೇಳಬೇಡ ಅನ್ನುವ ಸ್ವಿಚ್ ಇದ್ದರೆ ಹಾಕಲೇಬೇಕು. ಸೆವೆನ್‌ಜಿಪ್‌ಗೆ ಅದು ಡ್ಯಾಶ್ ವೈ. ಬ್ಯಾಚ್ ಫೈಲ್‌ನ ಕೊನೆಯಲ್ಲಿ ಪರೀಕ್ಷೆಗೆ ಅಂತ ಹಾಕಿದ್ದ ಪಾಝ್ (ತಡೆದು ನಿಲ್ಲಿಸುವ) ಸಾಲನ್ನು ತೆಗೆಯುವುದು ಮರೆಯಬೇಡಿ, ಅದೂ ಕೀ ಒತ್ತುವ ತನಕ ಕಾಯುತ್ತದೆ.

ಇದೇ ಆಬ್ಜೆಕ್ಟ್‌ನಲ್ಲಿ ಎಕ್ಸೆಕ್ ಅಂತ ಇನ್ನೊಂದು ಮೆಥಡ್ ಇದೆ. ಪ್ರೋಗ್ರಾಂ ಪರದೆಯ ಮೇಲೆ ಬರೆಯುವ ಮಾತನ್ನು ಅದು ನಿಮಗೆ ಓದಲು ಕೊಡುತ್ತದೆ. ಅದನ್ನು ಬಳಸುವಾಗ ಸ್ಟೇಟಸ್ 0 ಇರುವ ತನಕ ಬರೀ ಸುತ್ತುತ್ತಾ ಕೂರಬೇಡಿ. ನೀವು ಓದದೆ ಇದ್ದರೆ ಮಧ್ಯದ ಬಫರ್ ತುಂಬಿಕೊಳ್ಳುತ್ತದೆ, ಅದು ಬರೆಯಲಾಗದೆ ಕಾಯುತ್ತದೆ, ನೀವು ಅದು ಮುಗಿಯಲಿ ಅಂತ ಕಾಯುತ್ತೀರಿ. ಮೊದಲು ಓದಿ, ಆಮೇಲೆ ಸ್ಟೇಟಸ್ ನೋಡಿ.

ಮಿತಿ ಇಟ್ಟು ಕಾಯುವುದು

ಜಾಸ್ತಿ ಹೊತ್ತು ಹಿಡಿಯುವ ಕೆಲಸಕ್ಕೆ ವಿಂಡೋಸ್‌ನದೇ ನಾಲ್ಕು ಫಂಕ್ಷನ್ ಬೇಕು: ಓಪನ್‌ಪ್ರೋಸೆಸ್, ವೆಯ್ಟ್‌ಫಾರ್‌ಸಿಂಗಲ್‌ಆಬ್ಜೆಕ್ಟ್, ಗೆಟ್‌ಎಕ್ಸಿಟ್‌ಕೋಡ್‌ಪ್ರೋಸೆಸ್, ಕ್ಲೋಸ್‌ಹ್ಯಾಂಡಲ್. ಎಲ್ಲವೂ ವಿಂಡೋಸ್‌ನ ಕರ್ನೆಲ್32 ಅನ್ನುವ ಲೈಬ್ರರಿ ಫೈಲ್‌ನಲ್ಲಿವೆ. ಮಾಡ್ಯೂಲ್‌ನ ಮೇಲ್ಭಾಗದಲ್ಲಿ ಡಿಕ್ಲೇರ್ ಮಾಡಬೇಕು.

ಡಿಕ್ಲೇರ್ ಮಾಡುವಾಗ ಒಂದು ಎಚ್ಚರ. ಹಳೆಯ ಪುಸ್ತಕ, ಹಳೆಯ ಉದಾಹರಣೆಗಳಲ್ಲಿ ಇರುವುದು 32 ಬಿಟ್ ಕಾಲದ ಸಾಲುಗಳು. ಆಫೀಸ್ 2010ರಿಂದ 64 ಬಿಟ್ ಆವೃತ್ತಿಯೂ ಬಂತು, ಅದರಲ್ಲಿ ಡಿಕ್ಲೇರ್ ಪಕ್ಕ ಪಿಟಿಆರ್‌ಸೇಫ್ ಅನ್ನುವ ಪದ ಇಲ್ಲದಿದ್ದರೆ ಕಂಪೈಲ್ ಆಗುವುದೇ ಇಲ್ಲ. ಹ್ಯಾಂಡಲ್ (ಓಡುತ್ತಿರುವ ಪ್ರೋಗ್ರಾಂ ಅನ್ನು ಹಿಡಿದುಕೊಳ್ಳಲು ವಿಂಡೋಸ್ ಕೊಡುವ ಸಂಖ್ಯೆ) ಹಿಡಿಯುವ ವೇರಿಯೆಬಲ್ ಲಾಂಗ್ ಅಲ್ಲ, ಲಾಂಗ್‌ಪಿಟಿಆರ್ ಆಗಿರಬೇಕು. ಪ್ರೋಸೆಸ್ ಐಡಿ ಮಾತ್ರ ಲಾಂಗ್ ಆಗಿಯೇ ಇರಲಿ. ಎಡಿಟರ್ ತೋರಿಸುವ ಕೆಂಪು ಬಣ್ಣ ಹೋಗಲಿ ಅಂತ ಬರೀ ಪಿಟಿಆರ್‌ಸೇಫ್ ಸೇರಿಸಿ ಹ್ಯಾಂಡಲ್ ಅನ್ನು ಲಾಂಗ್ ಆಗಿಯೇ ಬಿಟ್ಟವರನ್ನು ನೋಡಿದ್ದೇನೆ. ಅದು ಇವತ್ತು ಓಡುತ್ತದೆ, ಆದರೆ ಸರಿಯಲ್ಲ.

ಕ್ರಮ ಹೀಗೆ. ಮೊದಲು ಶೆಲ್‌ನಿಂದ ಪ್ರೋಗ್ರಾಂ ಶುರು ಮಾಡಿ ಐಡಿ ಪಡೆಯಿರಿ. ಆ ಐಡಿಯನ್ನು ಓಪನ್‌ಪ್ರೋಸೆಸ್‌ಗೆ ಕೊಟ್ಟು ಹ್ಯಾಂಡಲ್ ಪಡೆಯಿರಿ. ಹಕ್ಕು ಕೇಳುವ ಜಾಗದಲ್ಲಿ ಹೆಕ್ಸ್ 101000 ಕೊಡಿ. ಅದರಲ್ಲಿ 100000 ಕಾಯುವ ಹಕ್ಕು, 1000 ಎಕ್ಸಿಟ್ ಕೋಡ್ ಕೇಳುವ ಹಕ್ಕು. ಎರಡೂ ಬೇಕು. ಆಮೇಲೆ ಈ ಲೂಪ್:

ಶುರು = ನೌ
ಡೂ ವೈಲ್ ವೆಯ್ಟ್‌ಫಾರ್‌ಸಿಂಗಲ್‌ಆಬ್ಜೆಕ್ಟ್(ಹಿಡಿ, 200) = 258
ಡೂಇವೆಂಟ್ಸ್
ಇಫ್ ಡೇಟ್‌ಡಿಫ್("ಎಸ್", ಶುರು, ನೌ) > ಮಿತಿ ದೆನ್ ಎಕ್ಸಿಟ್ ಡೂ
ಲೂಪ್

'ಹಿಡಿ' ಅನ್ನುವುದು ಹ್ಯಾಂಡಲ್, 'ಮಿತಿ' ಅನ್ನುವುದು ಹೆಚ್ಚೆಂದರೆ ಎಷ್ಟು ಸೆಕೆಂಡ್ ಕಾಯಬೇಕು ಅನ್ನುವ ಸಂಖ್ಯೆ. ಸಾಲು ಹೇಳುವುದು ಇದು: 200 ಮಿಲಿಸೆಕೆಂಡ್ ಕಾದು ನೋಡು, ಅಷ್ಟರಲ್ಲಿ ಮುಗಿಯದಿದ್ದರೆ 258 ಬರುತ್ತದೆ, ಆಗ ಆ್ಯಕ್ಸೆಸ್‌ಗೆ ಉಸಿರಾಡಲು ಬಿಟ್ಟು ಮತ್ತೆ ಕಾಯಿ. ಮುಗಿದರೆ 0 ಬರುತ್ತದೆ. ಕಾಯುವುದೇ ಆಗಲಿಲ್ಲ ಅಂದರೆ ಮೈನಸ್ 1. ಈ ಮೈನಸ್ 1 ಬಂದಾಗಲೂ ಲೂಪ್‌ನಿಂದ ಹೊರಗೆ ಬರುತ್ತೀರಿ, ಅದನ್ನು 'ಮುಗಿಯಿತು' ಅಂತ ಎಣಿಸಿದರೆ ಮತ್ತೆ ಮೊದಲಿನ ತಪ್ಪೇ. ವಾಪಸ್ ಬಂದ ಸಂಖ್ಯೆಯನ್ನು ಒಂದು ವೇರಿಯೆಬಲ್‌ನಲ್ಲಿ ಇಟ್ಟುಕೊಂಡು 0 ಹೌದಾ ಅಂತ ಕೇಳಿ.

ಹೊತ್ತು ಅಳೆಯಲು ಟೈಮರ್ ಫಂಕ್ಷನ್ ಬಳಸದೆ ನೌ ಬಳಸಿರುವುದಕ್ಕೆ ಕಾರಣ ಇದೆ. ಟೈಮರ್ ಎಣಿಸುವುದು ಮಧ್ಯರಾತ್ರಿಯಿಂದ ಎಷ್ಟು ಸೆಕೆಂಡ್ ಆಯಿತು ಅಂತ. ರಾತ್ರಿ ಹನ್ನೆರಡಕ್ಕೆ ಅದು ಮತ್ತೆ ಸೊನ್ನೆಗೆ ಬರುತ್ತದೆ. ರಾತ್ರಿ ಬ್ಯಾಕಪ್ ಓಡಿಸುವವರ ಮಿತಿ ಲೆಕ್ಕ ಅಲ್ಲಿ ಕೆಡುತ್ತದೆ.

ಮಿತಿ ದಾಟಿದರೆ ಏನು ಮಾಡಬೇಕು? ಪ್ರೋಗ್ರಾಂ ಅನ್ನು ತಾನಾಗಿಯೇ ಕೊಂದು ಹಾಕುವ ಕೋಡ್ ಬರೆಯಬೇಡಿ ಅನ್ನುವುದು ನನ್ನ ಅಭಿಪ್ರಾಯ. ಅದು ಅರ್ಧ ಫೈಲ್ ಬರೆದಿರಬಹುದು. ಎದುರು ಕೂತಿರುವ ಮನುಷ್ಯನನ್ನು ಕೇಳಿ: 'ಲೇಬಲ್ ಪ್ರೋಗ್ರಾಂ ಇನ್ನೂ ಮುಗಿದಿಲ್ಲ. ಇನ್ನೊಂದು ನಿಮಿಷ ಕಾಯಲಾ?' ಅವರಿಗೆ ಪ್ರಿಂಟರ್‌ನಲ್ಲಿ ಕಾಗದ ಖಾಲಿಯಾಗಿರುವುದು ಕಾಣುತ್ತಿರುತ್ತದೆ, ನಿಮ್ಮ ಕೋಡ್‌ಗೆ ಕಾಣುವುದಿಲ್ಲ.

ಕೊನೆಗೆ ಕ್ಲೋಸ್‌ಹ್ಯಾಂಡಲ್. ಎರರ್ ಬಂದರೂ ಆ ಸಾಲು ಓಡಬೇಕು. ಬೆಳಗ್ಗೆಯಿಂದ ಸಂಜೆ ತನಕ ನೂರು ಸಲ ಬಟನ್ ಒತ್ತುವ ಅಂಗಡಿಯಲ್ಲಿ ಮುಚ್ಚದ ಹ್ಯಾಂಡಲ್‌ಗಳು ಗುಡ್ಡೆ ಬೀಳುತ್ತವೆ.

ಇನ್ನೊಂದು ಸೂಕ್ಷ್ಮ. ಶೆಲ್ ಮತ್ತು ಓಪನ್‌ಪ್ರೋಸೆಸ್ ನಡುವಿನ ಚಿಕ್ಕ ಸಮಯದಲ್ಲೇ ಪ್ರೋಗ್ರಾಂ ಮುಗಿದುಹೋದರೆ ಹ್ಯಾಂಡಲ್ 0 ಬರುತ್ತದೆ. ಅದು ಓಡಿತೋ, ಶುರುವಿನಲ್ಲೇ ಬಿದ್ದುಹೋಯಿತೋ ಅಂತ ಆಗ ಗೊತ್ತಾಗುವುದಿಲ್ಲ, ಎಕ್ಸಿಟ್ ಕೋಡ್ ಕೇಳಲು ಯಾರೂ ಉಳಿದಿಲ್ಲ ಅಲ್ವಾ. ಅಷ್ಟು ಬೇಗ ಮುಗಿಯುವ ಪ್ರೋಗ್ರಾಂ ಆದರೆ ಮೇಲಿನ ರನ್ ಬಳಸಿ, ಇಲ್ಲದಿದ್ದರೆ ಕ್ರಿಯೇಟ್‌ಪ್ರೋಸೆಸ್ ಬಳಸಿ. ಕ್ರಿಯೇಟ್‌ಪ್ರೋಸೆಸ್ ಶುರು ಮಾಡುವಾಗಲೇ ಹ್ಯಾಂಡಲ್ ಕೈಗೆ ಕೊಡುತ್ತದೆ. ಡಿಕ್ಲೇರ್ ಸಾಲು ಉದ್ದ, ಆದರೆ ಒಮ್ಮೆ ಬರೆದಿಟ್ಟರೆ ಸಾಕು.

ಕಾಯುವಾಗ ಬಟನ್ ಕಡೆ ಗಮನ

ಡೂಇವೆಂಟ್ಸ್ ಹಾಕಿದ ಕೂಡಲೇ ಪರದೆ ಜೀವಂತವಾಗಿರುತ್ತದೆ. ಅಂದರೆ ಜನ ಅದೇ ಬಟನ್ ಇನ್ನೊಮ್ಮೆ ಒತ್ತಬಹುದು. ಒತ್ತುತ್ತಾರೆ ಕೂಡ. ಆಗ ಅದೇ ಕೋಡ್ ತನ್ನೊಳಗೇ ಇನ್ನೊಮ್ಮೆ ಶುರುವಾಗಿ, ಅದೇ ಸಿಎಸ್‌ವಿಯನ್ನು ಮತ್ತೆ ಬರೆಯುತ್ತದೆ.

ಬಟನ್ ನಿಷ್ಕ್ರಿಯ ಮಾಡೋಣ ಅಂತ ಎನೇಬಲ್ಡ್ ಫಾಲ್ಸ್ ಅಂದರೆ ಆ್ಯಕ್ಸೆಸ್ 2164 ನಂಬರ್ ಎರರ್ ಕೊಡುತ್ತದೆ, ಯಾಕೆಂದರೆ ಫೋಕಸ್ ಆ ಬಟನ್ ಮೇಲೆಯೇ ಇರುತ್ತದೆ. ಮೊದಲು ಬೇರೆ ಕಂಟ್ರೋಲ್‌ಗೆ ಸೆಟ್‌ಫೋಕಸ್ ಮಾಡಿ, ಆಮೇಲೆ ನಿಷ್ಕ್ರಿಯ ಮಾಡಿ. ಜೊತೆಗೆ 'ಕಾಯ್ತಿದೆ' ಅನ್ನುವ ಒಂದು ಬೂಲಿಯನ್ (ಟ್ರೂ ಅಥವಾ ಫಾಲ್ಸ್ ಹಿಡಿಯುವ ವೇರಿಯೆಬಲ್) ಇಟ್ಟುಕೊಂಡು ಫಾರಂನ ಅನ್‌ಲೋಡ್ ಇವೆಂಟ್‌ನಲ್ಲಿ ಅದು ಟ್ರೂ ಇದ್ದರೆ ಕ್ಯಾನ್ಸಲ್ ಮಾಡಿ, ಇಲ್ಲದಿದ್ದರೆ ಮಧ್ಯದಲ್ಲಿ ಫಾರಂ ಮುಚ್ಚಿಹೋಗಿ ಲೂಪ್ ಮುಗಿದ ಮೇಲಿನ ಸಾಲುಗಳು ಇಲ್ಲದ ಫಾರಂ ಅನ್ನು ಹುಡುಕುತ್ತವೆ. 'ಲೇಬಲ್ ಪ್ರಿಂಟ್ ಆಗ್ತಿದೆ, ಸ್ವಲ್ಪ ಇರಿ' ಅಂತ ಒಂದು ಸಾಲು ದೊಡ್ಡದಾಗಿ ತೋರಿಸಿ. ಕನ್ನಡದಲ್ಲಿ ತೋರಿಸಿ. ಗೋಡೌನ್ ಹುಡುಗರು ಟಾಸ್ಕ್ ಮ್ಯಾನೇಜರ್ ಕಡೆ ಹೋಗುವುದು ಇದರಿಂದಲೇ ಬಹಳ ಕಡಿಮೆಯಾಯಿತು.

ತುಂಬ ಹೊತ್ತಿನ ಕೆಲಸ ಆದರೆ ಲೂಪ್ ಬದಲು ಫಾರಂನ ಟೈಮರ್ ಇವೆಂಟ್ ಇನ್ನೂ ಒಳ್ಳೆಯದು. ಟೈಮರ್ ಇಂಟರ್ವಲ್ 500 ಇಟ್ಟು, ಪ್ರತಿ ಸಲ ವೆಯ್ಟ್‌ಫಾರ್‌ಸಿಂಗಲ್‌ಆಬ್ಜೆಕ್ಟ್‌ಗೆ 0 ಮಿಲಿಸೆಕೆಂಡ್ ಕೊಟ್ಟು ಕೇಳಿ. ಮುಗಿದಿದ್ದರೆ ಟೈಮರ್ ನಿಲ್ಲಿಸಿ ಮುಂದಿನ ಕೆಲಸ ಮಾಡಿ.

ದಾರಿ, ಕೊಟೇಶನ್, ಕನ್ನಡ ಹೆಸರು

ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ನ ಹೆಸರಲ್ಲೇ ಒಂದು ಖಾಲಿ ಜಾಗ ಇದೆ. ದಾರಿಯನ್ನು ಕೊಟೇಶನ್ ಒಳಗೆ ಇಡದಿದ್ದರೆ ಕಮಾಂಡ್ ಅಲ್ಲಿಗೇ ಮುರಿದುಬೀಳಬಹುದು. ಸ್ಟ್ರಿಂಗ್ ಒಳಗೆ ಕೊಟೇಶನ್‌ಗಳನ್ನು ಎರಡೆರಡು ಸಲ ಬರೆದು ಗೊಂದಲ ಮಾಡಿಕೊಳ್ಳುವ ಬದಲು ಸಿಎಚ್‌ಆರ್(34) ಬಳಸಿ. ಪ್ರೋಗ್ರಾಂಗೆ ಒಂದು ಜೋಡಿ, ಫೈಲ್‌ಗೆ ಇನ್ನೊಂದು ಜೋಡಿ. ಸಿಎಂಡಿ (ವಿಂಡೋಸ್‌ನ ಕಮಾಂಡ್ ಓಡಿಸುವ ಪ್ರೋಗ್ರಾಂ) ಸ್ಲ್ಯಾಶ್ ಸಿ ಮೂಲಕ ಓಡಿಸುವಾಗ ಇಡೀ ಕಮಾಂಡ್ ಸುತ್ತ ಮತ್ತೊಂದು ಜೋಡಿ ಬೇಕು, ಯಾಕೆಂದರೆ ಸಿಎಂಡಿ ಮೊದಲ ಮತ್ತು ಕೊನೆಯ ಕೊಟೇಶನ್ ಕಿತ್ತು ಬಿಸಾಡುತ್ತದೆ. ಡಿಐಆರ್, ಕಾಪಿ, ಫೈಲ್‌ಗೆ ಬರೆಸುವ ಬಾಣದ ಗುರುತು, ಇವುಗಳಿಗೆ ಸಿಎಂಡಿ ಬೇಕೇ ಬೇಕು. ಇವು ಬೇರೆ ಪ್ರೋಗ್ರಾಂಗಳಲ್ಲ, ಸಿಎಂಡಿಯ ಒಳಗಿನವು. ಸ್ಲ್ಯಾಶ್ ಕೆ ಮಾತ್ರ ಹಾಕಬೇಡಿ, ಅದು ಕೆಲಸ ಮುಗಿದರೂ ವಿಂಡೋ ತೆರೆದೇ ಇಡುತ್ತದೆ, ನಿಮ್ಮ ಕಾಯುವಿಕೆ ಮುಗಿಯುವುದಿಲ್ಲ.

ಬರೀ ಫೈಲ್ ಹೆಸರು ಕೊಟ್ಟರೆ ಡೇಟಾಬೇಸ್ ಇರುವ ಫೋಲ್ಡರ್‌ನಲ್ಲಿ ಹುಡುಕುತ್ತದೆ ಅಂದುಕೊಳ್ಳಬೇಡಿ. ಕರೆಂಟ್‌ಪ್ರಾಜೆಕ್ಟ್.ಪಾತ್ ಸೇರಿಸಿ ಪೂರ್ತಿ ದಾರಿ ಕೊಡಿ.

ಈಗ ನಮ್ಮವರಿಗೇ ಬರುವ ತೊಂದರೆ. ಆ ಅಂಗಡಿಯಲ್ಲಿ ಫೋಲ್ಡರ್‌ಗಳಿಗೆ ಇಳಕಲ್, ಮೊಳಕಾಲ್ಮೂರು ಅಂತ ಕನ್ನಡದಲ್ಲೇ ಹೆಸರಿಟ್ಟಿದ್ದರು. ಇಡಬೇಕಾದ್ದೇ. ಆದರೆ ವಿಬಿಎಯ ಶೆಲ್ ಯೂನಿಕೋಡ್ ಅರಿಯದು, ಕನ್ನಡ ಅಕ್ಷರವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಿ ಹೋಗಿ 'ಫೈಲ್ ಸಿಗಲಿಲ್ಲ' ಅನ್ನುವ ಸ್ಥಿತಿ ಬರುತ್ತದೆ. ಡಬ್ಲ್ಯೂಸ್ಕ್ರಿಪ್ಟ್‌ನ ರನ್‌ಗೆ ಕನ್ನಡ ದಾರಿ ಹಾಗೇ ಹೋಗುತ್ತದೆ. ಕ್ರಿಯೇಟ್‌ಪ್ರೋಸೆಸ್ ಬಳಸುವವರು ಡಬ್ಲ್ಯೂ ಅಕ್ಷರದಲ್ಲಿ ಮುಗಿಯುವ ಆವೃತ್ತಿ ತೆಗೆದುಕೊಂಡು ಎಸ್‌ಟಿಆರ್‌ಪಿಟಿಆರ್ ಮೂಲಕ ಸ್ಟ್ರಿಂಗ್ ಕೊಡಬೇಕು.

ಸಿಎಸ್‌ವಿ ಬರೆಯುವಾಗಲೂ ಇದೇ ಕಥೆ. ಓಪನ್, ಪ್ರಿಂಟ್ ಹ್ಯಾಶ್ ಬಳಸಿ ಬರೆದರೆ ಸೀರೆಯ ಕನ್ನಡ ಹೆಸರು ಫೈಲ್‌ಗೆ ಬರುವುದೇ ಇಲ್ಲ. ಅದಕ್ಕೆ ಎಡಿಒಡಿಬಿ ಸ್ಟ್ರೀಮ್ ಆಬ್ಜೆಕ್ಟ್ ತೆಗೆದುಕೊಂಡು ಚಾರ್‌ಸೆಟ್ ಯುಟಿಎಫ್-8 ಅಂತ ಹೇಳಿ ಬರೆಯಿರಿ. ಅದು ಫೈಲ್‌ನ ಮೊದಲಲ್ಲಿ ಬಿಒಎಂ ಅನ್ನುವ ಮೂರು ಬೈಟ್ ಸೇರಿಸುತ್ತದೆ. ಕೆಲವು ಲೇಬಲ್ ಪ್ರೋಗ್ರಾಂಗಳಿಗೆ ಅದು ಬೇಕು, ಕೆಲವಕ್ಕೆ ಮೊದಲ ಕಾಲಂ ಹೆಸರು ಕೆಡುತ್ತದೆ. ಒಂದು ಲೇಬಲ್ ಹೊಡೆದು ನೋಡಿ. ಇನ್ನೂ ನುಡಿ ಫಾಂಟ್‌ನ ಹಳೆಯ ಎನ್‌ಕೋಡಿಂಗ್‌ನಲ್ಲೇ ಡೇಟಾ ಇರುವ ಕಚೇರಿಗಳಲ್ಲಿ ಪರಿವರ್ತಕ ಪ್ರೋಗ್ರಾಂ ಓಡಿಸಿ ಕಾದು ಆಮೇಲೆ ಇಂಪೋರ್ಟ್ ಮಾಡಬೇಕಾಗುತ್ತದೆ. ಅಲ್ಲೂ ಇದೇ ಕ್ರಮ.

ಹೊರಗಿನ ಪ್ರೋಗ್ರಾಂ ಶುರು ಮಾಡುವ ಮೊದಲು ನೀವು ಬರೆದ ಫೈಲ್ ಮುಚ್ಚಿದ್ದೀರಾ ನೋಡಿಕೊಳ್ಳಿ. ಕ್ಲೋಸ್ ಸಾಲು ಶೆಲ್ ಸಾಲಿಗಿಂತ ಕೆಳಗಿದ್ದರೆ ಅದು ಅರ್ಧ ಫೈಲ್ ಓದುತ್ತದೆ, ಇಲ್ಲವೇ ತೆರೆಯಲು ಆಗುವುದೇ ಇಲ್ಲ.

ಮುಗಿಯಿತು ಸರಿ, ಹೇಗೆ ಮುಗಿಯಿತು?

ಎಕ್ಸಿಟ್ ಕೋಡ್ ನೋಡದೆ ಮುಂದೆ ಹೋಗುವುದು ಕಾಯದೆ ಮುಂದೆ ಹೋದ ಹಾಗೆಯೇ. ಸಾಮಾನ್ಯವಾಗಿ 0 ಅಂದರೆ ಸರಿ. ಆದರೆ ಪ್ರತಿ ಪ್ರೋಗ್ರಾಂಗೂ ತನ್ನ ಲೆಕ್ಕ ಇದೆ. ಸೆವೆನ್‌ಜಿಪ್‌ನಲ್ಲಿ 1 ಅಂದರೆ ಎಚ್ಚರಿಕೆ, 2 ಅಂದರೆ ಕೆಲಸ ಆಗಿಲ್ಲ, 7 ಅಂದರೆ ಕಮಾಂಡ್ ತಪ್ಪಾಗಿ ಬರೆದಿದ್ದೀರಿ, 8 ಅಂದರೆ ಮೆಮೊರಿ ಸಾಲಲಿಲ್ಲ. ವಿಂಡೋಸ್‌ನ ಫೈಲ್ ಕಾಪಿ ಮಾಡುವ ಪ್ರೋಗ್ರಾಂ ರೋಬೋಕಾಪಿ ಇನ್ನೂ ಬೇರೆ: ಅದರಲ್ಲಿ 1 ಅಂದರೆ ಫೈಲ್‌ಗಳು ಚೆನ್ನಾಗಿ ಕಾಪಿ ಆದವು! 0 ಅಂದರೆ ಕಾಪಿ ಮಾಡಲು ಏನೂ ಇರಲಿಲ್ಲ. 8 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮಾತ್ರ ಸೋಲು. 0 ಅಲ್ಲದ್ದೆಲ್ಲ ತಪ್ಪು ಅಂತ ಬರೆದ ಕೋಡ್ ಬ್ಯಾಕಪ್ ಚೆನ್ನಾಗಿ ಆದ ದಿನವೇ 'ಬ್ಯಾಕಪ್ ಆಗಿಲ್ಲ' ಅನ್ನುತ್ತದೆ. ಗೆಟ್‌ಎಕ್ಸಿಟ್‌ಕೋಡ್‌ಪ್ರೋಸೆಸ್ 259 ಕೊಟ್ಟರೆ ಪ್ರೋಗ್ರಾಂ ಇನ್ನೂ ಓಡುತ್ತಿದೆ ಅಂತ. ನಿಮ್ಮದೇ ಬ್ಯಾಚ್ ಫೈಲ್ ಆದರೆ ಕೊನೆಯಲ್ಲಿ ಎಕ್ಸಿಟ್ ಸ್ಲ್ಯಾಶ್ ಬಿ ಜೊತೆ ಸಂಖ್ಯೆ ಬರೆದು ಸರಿಯಾದ ಕೋಡ್ ವಾಪಸ್ ಕೊಡಿ.

ಎಕ್ಸಿಟ್ ಕೋಡ್ ಆದ ಮೇಲೆ ಫಲ ಕಣ್ಣಾರೆ ನೋಡಿ: ಜಿಪ್ ಫೈಲ್ ಇದೆಯಾ, ಅದರ ಗಾತ್ರ ಸೊನ್ನೆಗಿಂತ ಹೆಚ್ಚಿದೆಯಾ, ಅದರ ಸಮಯ ಈಗಿನದಾ, ನಿನ್ನೆಯದಾ. ನಿನ್ನೆಯ ಫೈಲ್ ಅಲ್ಲೇ ಉಳಿದಿದ್ದರೆ 'ಇದೆ' ಅನ್ನುವ ಉತ್ತರಕ್ಕೆ ಬೆಲೆ ಇಲ್ಲ. ಶುರು ಮಾಡುವ ಮೊದಲೇ ಹಳೆಯದನ್ನು ಅಳಿಸಿಬಿಡುವುದು ಒಳ್ಳೆಯದು.

ಪ್ರಿಂಟ್ ವಿಷಯದಲ್ಲಿ ಇನ್ನೊಂದು ಹಂತ ಇದೆ. ಲೇಬಲ್ ಪ್ರೋಗ್ರಾಂ 0 ಕೊಟ್ಟು ಮುಗಿಯಿತು ಅಂದರೆ ಲೇಬಲ್‌ಗಳು ವಿಂಡೋಸ್‌ನ ಪ್ರಿಂಟ್ ಕ್ಯೂ ತಲುಪಿದವು ಅಂತ ಅಷ್ಟೇ. ಕಾಗದದ ಮೇಲೆ ಬಂದವು ಅಂತಲ್ಲ. ಅದಕ್ಕೆ ನಾನು ಟೇಬಲ್‌ನಲ್ಲಿ ಈಗ ಮೂರು ಸ್ಥಿತಿ ಇಟ್ಟಿದ್ದೇನೆ: 'ಬಾಕಿ', 'ಕಳಿಸಿದೆ', 'ಆಗಿದೆ'. ಬಟನ್ ಒತ್ತಿದಾಗ 'ಕಳಿಸಿದೆ'. ಎಕ್ಸಿಟ್ ಕೋಡ್ ಸರಿ ಇದ್ದು, ಹುಡುಗ 'ಲೇಬಲ್ ಬಂತು' ಅಂತ ಒತ್ತಿದ ಮೇಲೆ 'ಆಗಿದೆ'. ಮಧ್ಯದಲ್ಲಿ ಕರೆಂಟ್ ಹೋದರೆ, ಪ್ರೋಗ್ರಾಂ ಮತ್ತೆ ತೆರೆದಾಗ 'ಕಳಿಸಿದೆ'ಯಲ್ಲೇ ನಿಂತ ಸೀರೆಗಳ ಪಟ್ಟಿ ಮೊದಲು ಕಾಣುತ್ತದೆ.

ಈ ಮೂರು ಸ್ಥಿತಿಯಿಂದ ಇನ್ನೊಂದು ತಪ್ಪೂ ತಪ್ಪಿತು. ಮೊದಲು ನಾನು ಬಿಗಿನ್‌ಟ್ರಾನ್ಸ್ ಮಾಡಿ (ಅಂದರೆ ಕಮಿಟ್ ಅನ್ನುವ ತನಕ ಬದಲಾವಣೆ ಖಾಯಂ ಆಗದ ಟ್ರಾನ್ಸಾಕ್ಷನ್ ಶುರು ಮಾಡಿ), ಹೊರಗಿನ ಪ್ರೋಗ್ರಾಂ ಓಡಿಸಿ, ಮುಗಿದ ಮೇಲೆ ಕಮಿಟ್ ಮಾಡೋಣ ಅಂದುಕೊಂಡಿದ್ದೆ. ಕೇಳಲು ಚೆನ್ನಾಗಿದೆ. ಆದರೆ ಕಾಯುವಷ್ಟು ಹೊತ್ತು ಆ ದಾಖಲೆಗಳು ಲಾಕ್ ಆಗಿರುತ್ತವೆ, ಕೌಂಟರ್‌ನಲ್ಲಿ ಬಿಲ್ ಹಾಕುವವರು ನಿಲ್ಲಬೇಕಾಗುತ್ತದೆ. ಹೊರಗಿನ ಪ್ರೋಗ್ರಾಂ ಅದೇ ಡೇಟಾಬೇಸ್ ಓದುವುದಾದರೆ ಕಮಿಟ್ ಆಗದ ಬದಲಾವಣೆ ಅದಕ್ಕೆ ಕಾಣುವುದೂ ಇಲ್ಲ. ಟ್ರಾನ್ಸಾಕ್ಷನ್ ಮುಗಿಸಿ, ಆಮೇಲೆ ಓಡಿಸಿ, ಫಲ ಬಂದ ಮೇಲೆ ಇನ್ನೊಂದು ಚಿಕ್ಕ ಟ್ರಾನ್ಸಾಕ್ಷನ್. ಯಾವ ಡೇಟಾಬೇಸ್ ಆದರೂ ಇದು ಹೀಗೆಯೇ.

ಹ್ಯಾಂಡಲ್ ಸರಿ ಇದ್ದರೂ ಬೇಗ ಮುಗಿದರೆ

ಎಲ್ಲ ಸರಿ ಬರೆದಿದ್ದೀರಿ, ಆದರೂ ಕಾಯದೆ ಮುಂದೆ ಹೋಗುತ್ತದೆ. ಆಗ ನೀವು ಕಾಯುತ್ತಿರುವುದು ಬೇರೆ ಪ್ರೋಸೆಸ್‌ಗೆ. ಕ್ರೋಮ್ ಮೊದಲೇ ತೆರೆದಿದ್ದರೆ ನೀವು ಶುರು ಮಾಡಿದ ಹೊಸ ಕ್ರೋಮ್ ತನ್ನ ಕೆಲಸವನ್ನು ಹಳೆಯದರ ಕೈಗೆ ಕೊಟ್ಟು ತಾನು ಮುಗಿದುಹೋಗುತ್ತದೆ. ಎಕ್ಸ್‌ಪ್ಲೋರರ್ ಕೂಡ ಹಾಗೇ. ಇನ್‌ಸ್ಟಾಲರ್‌ಗಳು ತಮ್ಮ ಮಗು ಪ್ರೋಸೆಸ್ ಒಂದನ್ನು ಶುರು ಮಾಡಿ ಹೊರಟುಹೋಗುತ್ತವೆ. ಸಿಎಂಡಿ ಮೂಲಕ ಸ್ಟಾರ್ಟ್ ಕಮಾಂಡ್ ಬಳಸಿದರೆ ಸ್ಲ್ಯಾಶ್ ವೆಯ್ಟ್ ಸೇರಿಸಲೇಬೇಕು.

ಇಂಥ ಪ್ರೋಗ್ರಾಂಗೆ ಪ್ರೋಸೆಸ್ ಹಿಡಿದು ಕಾಯುವುದರಲ್ಲಿ ಅರ್ಥ ಇಲ್ಲ. ಫಲದ ಫೈಲ್‌ಗೆ ಕಾಯಿರಿ. ಒಂದು ಬ್ಯಾಚ್ ಫೈಲ್‌ನಲ್ಲಿ ಕೆಲಸ ಮಾಡಿಸಿ, ಕೊನೆಯ ಸಾಲಿನಲ್ಲಿ 'ಮುಗಿಯಿತು' ಅನ್ನುವ ಒಂದು ಚಿಕ್ಕ ಫೈಲ್ ಬರೆಸಿ, ಆ್ಯಕ್ಸೆಸ್ ಅದನ್ನು ಹುಡುಕುತ್ತಿರಲಿ. ಪಿಡಿಎಫ್ ಅಥವಾ ಎಕ್ಸೆಲ್ ಫೈಲ್ ತೆರೆಸಿ ಜನ ಅದನ್ನು ಮುಚ್ಚುವ ತನಕ ಕಾಯಬೇಕು ಅನ್ನುವ ಬೇಡಿಕೆ ಬಂದರೆ, ಬೇಡ ಅಂತ ಹೇಳಿ. 'ನೋಡಿ ಆಯಿತು' ಅನ್ನುವ ಬಟನ್ ಇಟ್ಟರೆ ಸಾಕು.

ಭದ್ರತೆ ಬಗ್ಗೆ ಎರಡು ಮಾತು. ಜನ ಟೈಪ್ ಮಾಡಿದ ಹೆಸರನ್ನು ಹಾಗೇ ಸಿಎಂಡಿ ಕಮಾಂಡ್‌ಗೆ ಅಂಟಿಸಬೇಡಿ. ಅದರಲ್ಲಿ ಒಂದು ಆ್ಯಂಪರ್‌ಸ್ಯಾಂಡ್ ಇದ್ದರೆ ಅದರ ಮುಂದಿನದು ಇನ್ನೊಂದು ಕಮಾಂಡ್ ಆಗಿ ಓಡಬಹುದು. ಪಾಸ್‌ವರ್ಡ್ ಅನ್ನು ಕಮಾಂಡ್ ಸಾಲಿನಲ್ಲಿ ಕೊಡಬೇಡಿ, ಟಾಸ್ಕ್ ಮ್ಯಾನೇಜರ್‌ನ ಕಮಾಂಡ್ ಲೈನ್ ಕಾಲಂನಲ್ಲಿ ಅದು ಹಾಗೇ ಕಾಣುತ್ತದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ದೊಡ್ಡ ಕಂಪನಿಗೆ ಇದನ್ನು ಬರೆಯುವವರು ಮೊದಲೇ ಅವರ ಐಟಿ ವಿಭಾಗವನ್ನು ಕೇಳಿ. ಆಫೀಸ್ ಪ್ರೋಗ್ರಾಂಗಳು ಬೇರೆ ಪ್ರೋಗ್ರಾಂ ಶುರು ಮಾಡದಂತೆ ತಡೆಯುವ ಒಂದು ನಿಯಮ ಮೈಕ್ರೋಸಾಫ್ಟ್ ಡಿಫೆಂಡರ್‌ನಲ್ಲಿದೆ, ಆ್ಯಕ್ಸೆಸ್‌ಗೂ ಅದು ಅನ್ವಯಿಸುತ್ತದೆ. ಅದು ಚಾಲೂ ಇದ್ದರೆ ನಿಮ್ಮ ಕೋಡ್ ಎಷ್ಟು ಸರಿ ಇದ್ದರೂ ಓಡುವುದಿಲ್ಲ.

ಲಿಬ್ರೆಆಫೀಸ್ ಬೇಸ್ ಬಳಸುವವರಿಗೆ ಇಷ್ಟು ಕಷ್ಟ ಇಲ್ಲ. ಅದರ ಬೇಸಿಕ್‌ನ ಶೆಲ್‌ಗೆ ನಾಲ್ಕನೆಯ ಜಾಗದಲ್ಲಿ ಟ್ರೂ ಕೊಟ್ಟರೆ ಅದೇ ಕಾಯುತ್ತದೆ. ಎಸ್‌ಕ್ಯುಎಲ್ ಸರ್ವರ್‌ನ ಎಕ್ಸ್‌ಪಿ ಸಿಎಂಡಿಶೆಲ್ ಕೂಡ ತಾನಾಗಿಯೇ ಕಾಯುತ್ತದೆ, ಆದರೆ ಅದು ಓಡುವುದು ಸರ್ವರ್‌ನಲ್ಲಿ, ನಿಮ್ಮ ಕಂಪ್ಯೂಟರ್‌ನಲ್ಲಲ್ಲ. ಅಲ್ಲಿ ವಿಂಡೋ ತೆರೆಯುವ ಪ್ರೋಗ್ರಾಂ ಓಡಿಸಿದರೆ ಮುಚ್ಚಲು ಯಾರೂ ಇರುವುದಿಲ್ಲ.

ಕೊಡುವ ಮುಂಚೆ ಪರೀಕ್ಷೆ

ನಿಜವಾದ ಪ್ರೋಗ್ರಾಂ ಇಲ್ಲದೆಯೂ ಪರೀಕ್ಷೆ ಮಾಡಬಹುದು. ಸಿಎಂಡಿ ಸ್ಲ್ಯಾಶ್ ಸಿ ಎಕ್ಸಿಟ್ 5 ಅಂತ ರನ್‌ನಿಂದ ಓಡಿಸಿ, ಫಲಿತ 5 ಬರಬೇಕು. ಪಿಂಗ್ ಡ್ಯಾಶ್ ಎನ್ 11 ಹಾಕಿ 127.0.0.1ಕ್ಕೆ ಓಡಿಸಿದರೆ ಸುಮಾರು ಹತ್ತು ಸೆಕೆಂಡ್ ಹಿಡಿಯುತ್ತದೆ. ಮಿತಿ 20 ಇಟ್ಟು ಒಮ್ಮೆ, 3 ಇಟ್ಟು ಒಮ್ಮೆ ನೋಡಿ. ಎರಡನೆಯ ಸಲ ನಿಮ್ಮ 'ಇನ್ನೂ ಕಾಯಲಾ?' ಪ್ರಶ್ನೆ ಬರಬೇಕು. ಅದು ಓಡುವಾಗ ಬಟನ್ ಮೇಲೆ ನಾಲ್ಕು ಸಲ ಒತ್ತಿ. ಫಾರಂ ಮುಚ್ಚಲು ನೋಡಿ. ಟಾಸ್ಕ್ ಮ್ಯಾನೇಜರ್‌ನಿಂದ ಪಿಂಗ್ ಅನ್ನು ಮಧ್ಯದಲ್ಲೇ ಕೊಂದು, ನಿಮ್ಮ ಕೋಡ್ ಅದನ್ನು 'ಆಗಿದೆ' ಅನ್ನುತ್ತದಾ ನೋಡಿ. ಪ್ರೋಗ್ರಾಂನ ಹೆಸರು ಬದಲಿಸಿಟ್ಟು ಬಟನ್ ಒತ್ತಿದರೆ ಶೆಲ್ 53 ನಂಬರ್ ಎರರ್ ಕೊಡಬೇಕು, ಅದು ಜನರಿಗೆ ಅರ್ಥವಾಗುವ ಮಾತಿನಲ್ಲಿ ಕಾಣಬೇಕು.

ಇದೆಲ್ಲ ಆದ ಮೇಲೆ ಅವರ ಹತ್ತಿರ ಇರುವ ಎಲ್ಲಕ್ಕಿಂತ ನಿಧಾನದ ಕಂಪ್ಯೂಟರ್ ಯಾವುದು ಅಂತ ಕೇಳಿ. ಅದರ ಮುಂದೆ ಕೂತು, ಬೆಳಗ್ಗೆ ಅದನ್ನು ಆನ್ ಮಾಡಿದ ಮೊದಲ ಐದು ನಿಮಿಷದಲ್ಲಿ, ಆ್ಯಂಟಿವೈರಸ್ ಇನ್ನೂ ಓಡುತ್ತಿರುವಾಗಲೇ, ಮುನ್ನೂರು ಲೇಬಲ್ ಕಳಿಸಿ ನೋಡಿ.